ತಡೆದುಕೊಳ್ಳುವವರ ಮಂಡಿ

ಮಂಡಿ ಆಪರೇಷನ್ ಆದವರನ್ನು ನೋಡಲು ಹೋದರೆ ಮಾತು ಬೇಗನೆ ಮದ್ದಿನ ಕಡೆಗೆ ಹೊರಳುತ್ತದೆ. ನಿಮಗೆ ಬೆನ್ನಿಗೆ ಇಂಜೆಕ್ಷನ್ನಾ, ತೊಡೆಗಾ? ಐಸ್ ಇಟ್ಟರಾ? ನಮ್ಮ ಭಾವನಿಗೆ ಮಾತ್ರೆಯಲ್ಲೇ ಹೋಯಿತಪ್ಪ! ಯಾರ ಮದ್ದು ಮೇಲು ಎಂದು ಕೇಳುವುದಕ್ಕಿಂತ, ಯಾವುದನ್ನು ಕೊಟ್ಟ ಮೇಲೆ ಎದ್ದು ನಾಲ್ಕು ಹೆಜ್ಜೆ ಇಡಲಾಯಿತು ಎಂದು ಕೇಳಬೇಕು ಅನ್ನಿಸುತ್ತದೆ ನನಗೆ.

ತೊಡೆಸಂದಿನ ನರಕ್ಕೆ ಕೊಡುತ್ತಿದ್ದ ಇಂಜೆಕ್ಷನ್ನನ್ನೇ ನೋಡಿ. ನೋವನ್ನು ಚೆನ್ನಾಗಿ ತಗ್ಗಿಸುತ್ತದೆ, ಆದರೆ ತೊಡೆಯ ಮುಂದಿನ ಸ್ನಾಯುವಿನ ಬಲವನ್ನೂ ಕಸಿಯುತ್ತದೆ. ಎದ್ದು ನಿಂತರೆ ಮಂಡಿ ಕುಸಿದು ಬೀಳುವ ಭಯ. ಅದಕ್ಕೇ ಈಗ ಹಲವು ಅರಿವಳಿಕೆ ವೈದ್ಯರು ತೊಡೆಯ ನಡುಭಾಗದಲ್ಲಿ, ಅಡಕ್ಟರ್ ಕೆನಾಲ್ ಎಂಬಲ್ಲಿ ಮದ್ದು ಬಿಡುತ್ತಾರೆ. ಕಾಲಿನ ಬಲ ಬಹುಮಟ್ಟಿಗೆ ಉಳಿಯುತ್ತದೆ. ಸಿಡ್ನಿಯ ವೈದ್ಯರಾದ ಕೆರ್ ಮತ್ತು ಕೋಹನ್ ಇನ್ನೊಂದು ದಾರಿ ಹಿಡಿದರು: ಆಪರೇಷನ್ ನಡೆಯುವಾಗಲೇ ಕೀಲಿನ ಸುತ್ತ ಮದ್ದಿನ ಮಿಶ್ರಣ ಚುಚ್ಚುವುದು. ಅವರ ಬರಹ 2008ರಲ್ಲಿ ಪ್ರಕಟವಾಯಿತು. ಈಗ ಎರಡನ್ನೂ ಸೇರಿಸಿ ಕೊಡುವವರೂ ಇದ್ದಾರೆ.

ಇವೆಲ್ಲ ಮೊದಲ ಒಂದೆರಡು ದಿನದ ಆಸರೆ. ಮನೆಗೆ ಬಂದ ಮೇಲೆ ಮಾತ್ರೆಗಳದ್ದೇ ಕಾರುಬಾರು. ಪ್ಯಾರಾಸಿಟಮಾಲ್ ಸಾಧಾರಣ ಮದ್ದು ಎಂದು ಅಸಡ್ಡೆ ಮಾಡುವವರುಂಟು. ಗಡಿಯಾರ ನೋಡಿಕೊಂಡು ತೆಗೆದುಕೊಂಡರೆ ಅದು ಬೇರೆ ಮದ್ದುಗಳ ಭಾರ ಇಳಿಸುತ್ತದೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಬಾರದು, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ಊತ ಇಳಿಸುವ ನೋವಿನ ಮಾತ್ರೆಗಳು ಕಿಡ್ನಿ, ಹೊಟ್ಟೆ ಹುಣ್ಣು ಇದ್ದವರಿಗೆ ಒಗ್ಗುವುದಿಲ್ಲ. ರಕ್ತ ತೆಳುವಾಗಿಸುವ ಮದ್ದು ನಡೆಯುತ್ತಿದ್ದರಂತೂ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಟ್ರಮಡಾಲ್‌ನಂಥವು ಗಟ್ಟಿ, ಜೊತೆಗೆ ವಾಕರಿಕೆ, ತಲೆಸುತ್ತು, ಮಲಬದ್ಧತೆ.

ಮಂಡಿ ಆಪರೇಷನ್ ಆಗಿದ್ದ ನಮ್ಮ ದೊಡ್ಡಮ್ಮನನ್ನು ನರ್ಸ್ ಕೇಳಿದಳು, "ಹತ್ತಕ್ಕೆ ಎಷ್ಟು ನೋವಿದೆ ಅಜ್ಜಿ?" "ತಡ್ಕೋತೀನಿ ಮಗಳೇ." ಬೆಡ್‌ಶೀಟಿನ ಅಂಚನ್ನು ಹಿಡಿದ ಮುಷ್ಟಿ ಬಿಳಿಚಿಕೊಂಡಿತ್ತು. ಹೆತ್ತು, ಹೊತ್ತು, ಎಲ್ಲವನ್ನೂ ನುಂಗಿಕೊಂಡು ಬಂದ ಆ ತಲೆಮಾರಿನ ಹೆಂಗಸರಿಗೆ ನೋವು ಹೇಳಿಕೊಳ್ಳುವುದೇ ಸಂಕೋಚ. ಹೇಳದಿದ್ದರೆ ಮದ್ದು ಸಾಲದು, ಮದ್ದು ಸಾಲದಿದ್ದರೆ ನೋವು ಮಂಡಿ ಮಡಚಲು ಬಿಡುವುದಿಲ್ಲ, ಮಡಚದ ಮಂಡಿ ಬಿಗಿದುಕೊಳ್ಳುತ್ತದೆ. ಫಿಸಿಯೋದವರು ಬರುವ ಮುಕ್ಕಾಲು ಗಂಟೆ ಮೊದಲೇ ಮಾತ್ರೆ ನುಂಗಿಸಿದ ಮೇಲೆ ದೊಡ್ಡಮ್ಮ ವಾಕರ್ ಹಿಡಿದು ಬಾಗಿಲತನಕ ಹೋದರು.

ಮನೆಮದ್ದಿನ ಬಗ್ಗೆಯೂ ಒಂದು ಮಾತು. ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ಇಪ್ಪತ್ತು ನಿಮಿಷ ಇಟ್ಟರೆ ಹಿತ. ಹಸಿ ಗಾಯದ ಮೇಲೆ ಎಣ್ಣೆ, ಬಿಸಿ ಶಾಖ ಬೇಡವೇ ಬೇಡ. ಮಂಡಿಯ ಕೆಳಗೆ ದಿಂಬು ಕೊಟ್ಟರೆ ಹಾಯೆನ್ನಿಸುತ್ತದೆ, ಆದರೆ ಕಾಲು ಸೊಟ್ಟಗೇ ಉಳಿಯುತ್ತದೆ. ದಿಂಬು ಹಿಮ್ಮಡಿಯ ಕೆಳಗಿರಲಿ. ಮೀನಖಂಡ ಊದಿಕೊಂಡು ನೋಯುತ್ತಿದ್ದರೆ, ಗಾಯ ಸೋರುತ್ತಿದ್ದರೆ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಡಾಕ್ಟರಿಗೆ ಫೋನ್ ಮಾಡಿ. ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಹೊರಡಿ.