ಸರೋವರಗಳ ನಾಡಿನ ಕಾಲುದಾರಿ

ನಿವೃತ್ತನಾದ ಮೇಲೆ ಫಿನ್ಲೆಂಡಿನ ಎಸ್ಪೂ ನಗರದಲ್ಲಿರುವ ಮಗಳ ಮನೆಯಲ್ಲಿ ಕೆಲಕಾಲ ನೆಲೆಸುವ ಯೋಗ ನನಗೊದಗಿತು. ಸುಮಾರು 1,88,000 ಸರೋವರಗಳುಳ್ಳ, ನೆಲದ ಮುಕ್ಕಾಲು ಪಾಲು ಅರಣ್ಯವೇ ಆಗಿರುವ ದೇಶವದು. ಅಲ್ಲಿ ಅನ್ಯರ ಒಡೆತನದ ಕಾಡಿನಲ್ಲಿಯೂ ಅಪ್ಪಣೆ ಬೇಡದೆ ನಡೆಯಬಹುದು. ಕಾಡುಹಣ್ಣು, ಅಣಬೆಗಳನ್ನು ಆಯಬಹುದು. ಮನೆಯಂಗಳವನ್ನು ಮಾತ್ರ ತುಳಿಯಕೂಡದು, ಮರ ಕಡಿಯಕೂಡದು, ಒಡೆಯನ ಒಪ್ಪಿಗೆಯಿಲ್ಲದೆ ಬೆಂಕಿ ಹೊತ್ತಿಸಕೂಡದು. ಬೇಲಿಯನ್ನೇ ಒಡೆತನದ ಗುರುತೆಂದು ಬಲ್ಲ ನನಗೆ ಇದು ಸೋಜಿಗವಾಗಿತ್ತು.

ಮನೆಯ ಹಿಂದಿನ ಕಾಡುದಾರಿ ಬೇಸಗೆಯಲ್ಲಿ ನಡೆಯುವವರದು, ಓಡುವವರದು. ಹಿಮ ಬಿದ್ದೊಡನೆ ಯಂತ್ರವೊಂದು ಬಂದು ಸ್ಕೀಗಳಿಗಾಗಿ ಜೋಡಿಗೆರೆ ಕೊರೆದು ಹೋಗುವುದು. ಹೆಜ್ಜೆಗುಳಿಗಳು ಆ ಗೆರೆಯನ್ನು ಕೆಡಿಸುವುದರಿಂದ ಪಾದಚಾರಿಗಳು ಅತ್ತ ಕಾಲಿಡುವಂತಿಲ್ಲ. ಡಿಸೆಂಬರಿನಲ್ಲಿ ಮೂರು ಗಂಟೆ ಕಳೆಯುತ್ತಲೇ ಸೂರ್ಯಾಸ್ತ. ದೀಪಗಳ ಸಾಲಿನಡಿ ನನಗಿಂತ ಹಿರಿಯರೂ ಜಾರುತ್ತ ಸಾಗುವರು. ದಿನವೂ ನಡೆಯಬೇಕೆಂದು ವೈದ್ಯರು ಹೇಳಿದ್ದರು. ನಾನೋ ಕಿಟಕಿಯ ಬಳಿ ಕುಳಿತು ನೋಡುತ್ತಿದ್ದೆ. ನಿಯಮ ನ್ಯಾಯವಾದುದೇ, ಆದರೂ ಮನಸ್ಸು ಮುದುಡುತ್ತಿತ್ತು.

ಫೆಬ್ರವರಿಯಲ್ಲಿ ಮಗಳು ಸರೋವರಕ್ಕೆ ಕರೆದೊಯ್ದಳು. ಬೇಸಗೆಯಲ್ಲಿ ನಾವು ಬಳಸಿ ಹೋಗುತ್ತಿದ್ದ ನೀರು ಕಲ್ಲಿನಂತೆ ಗಟ್ಟಿಯಾಗಿ, ಜನ ತುಳಿದ ದಾರಿ ಅದರ ನಡುವೆಯೇ ಹಾದುಹೋಗಿತ್ತು. ಅಡಿಯಿಟ್ಟೆ. ದೂರದಲ್ಲೆಲ್ಲೋ ಮಂಜುಗಡ್ಡೆ ಗುಡುಗಿದಂತಾಯಿತು. “ಏನೂ ಆಗದು, ಬನ್ನಿ ಅಪ್ಪಾಜಿ” ಎಂದಳು. ಆಚೆಯ ದಡದವರೆಗೂ ನಡೆದು ಹೋದೆವು.