ಕೆರೆ ಹತ್ರ ಹೋಗಿದ್ಯೇನಪ್ಪಾ?

ದಿನಕ್ಕೆ ನಾಲ್ಕೈದು ಪ್ರೆಸ್ ನೋಟ್ ನನ್ನ ವಾಟ್ಸ್‌ಆ್ಯಪ್‌ಗೆ ಬರುತ್ತವೆ. ಎರಡು ಸಾಲು ತಿದ್ದಿ ಕಳಿಸಿದರೆ ಸುದ್ದಿಯಾಯಿತು. ಒಮ್ಮೆ ನಮ್ಮ ಕಡೆಯ ಕೆರೆಯಲ್ಲಿ ಮೀನು ಸತ್ತಾಗಲೂ ಹಾಗೇ ಮಾಡಿದೆ. ಪಕ್ಕದ ಕಾರ್ಖಾನೆಯವರು ‘ನೀರಿಗೆ ಏನೂ ಆಗಿಲ್ಲ’ ಎಂದು ಬರೆದುಕೊಟ್ಟರು. ನಾನು ಅದನ್ನೇ ಬರೆದೆ. ವಾರದ ಸಂತೆಯಲ್ಲಿ ಮೀನು ಹಿಡಿಯುವ ಅಜ್ಜ ಸಿಕ್ಕಿ, “ಕೆರೆ ಹತ್ರ ಹೋಗಿದ್ಯೇನಪ್ಪಾ?” ಎಂದಷ್ಟೇ ಕೇಳಿದರು. ನಾನು ಹೋಗಿರಲಿಲ್ಲ.

ಆಗ ನೆನಪಾದದ್ದು ಬಿಪಿ. ಮಾತ್ರೆ ನುಂಗುವ ಬಿಪಿಯಲ್ಲ, ಬ್ರಿಟನ್ನಿನ ದೊಡ್ಡ ತೈಲ ಕಂಪನಿ. 2000ರಲ್ಲಿ ಅದು ಹಸಿರು–ಹಳದಿ ಹೂವಿನಂಥ ಹೊಸ ಲಾಂಛನ ಹಾಕಿಕೊಂಡು, ತಾನು ಬರೀ ಪೆಟ್ರೋಲಿನ ಕಂಪನಿಯಲ್ಲ ಎಂದು ಜಾಹೀರಾತು ಕೊಟ್ಟಿತ್ತು.

2010ರ ಏಪ್ರಿಲ್ 20ರ ರಾತ್ರಿ, ಅಮೆರಿಕದ ದಕ್ಷಿಣಕ್ಕಿರುವ ಮೆಕ್ಸಿಕೊ ಕೊಲ್ಲಿಯಲ್ಲಿ ಬಿಪಿಗಾಗಿ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಿಸಿತು. 11 ಕೆಲಸಗಾರರು ಸತ್ತರು. ಸುಮಾರು 1,500 ಮೀಟರ್ ಆಳದಲ್ಲಿ, ಕಡಲ ತಳದಿಂದ 87 ದಿನ ತೈಲ ಉಕ್ಕಿತು.

ಎಷ್ಟು ಉಕ್ಕುತ್ತಿದೆ? ಮೊದಲು ಹೊರಬಂದ ಲೆಕ್ಕ ದಿನಕ್ಕೆ 1,000 ಬ್ಯಾರಲ್. ಒಂದು ಬ್ಯಾರಲ್ ಅಂದರೆ ಸುಮಾರು 159 ಲೀಟರ್. ಆಮೇಲೆ ಸರ್ಕಾರ 5,000 ಎಂದಿತು. ಕಂಪನಿ ಅದನ್ನೇ ಹಿಡಿದು ಕೂತಿತು. ಪತ್ರಿಕೆಗಳೂ ಅದನ್ನೇ ಬರೆದವು. ಅಷ್ಟು ಆಳಕ್ಕೆ ಯಾವ ವರದಿಗಾರ ಇಳಿದಾನು?

ಮೇ ತಿಂಗಳಲ್ಲಿ ಸಂಸದರ ಒತ್ತಡಕ್ಕೆ ಮಣಿದು ಕಂಪನಿ ಕಡಲಾಳದ ಕ್ಯಾಮೆರಾ ದೃಶ್ಯವನ್ನು ನೇರಪ್ರಸಾರಕ್ಕೆ ಬಿಟ್ಟಿತು. ಕಂದು ಹೊಗೆಯಂತೆ ನುಗ್ಗುವ ತೈಲವನ್ನು ಜನ ಕಣ್ಣಾರೆ ಕಂಡರು. ಶುರುವಿನಲ್ಲಿ ದಿನಕ್ಕೆ ಸುಮಾರು 62,000 ಬ್ಯಾರಲ್ ಹರಿಯುತ್ತಿತ್ತು ಎಂದು ಸರ್ಕಾರಿ ವಿಜ್ಞಾನಿಗಳು ಆಮೇಲೆ ಅಂದಾಜಿಸಿದರು. 2012ರಲ್ಲಿ, ಹರಿವಿನ ಪ್ರಮಾಣದ ಬಗ್ಗೆ ಅಮೆರಿಕದ ಸಂಸತ್ತಿಗೆ ಸುಳ್ಳು ಮಾಹಿತಿ ಕೊಟ್ಟದ್ದೂ ಸೇರಿದಂತೆ ಹಲವು ಅಪರಾಧಗಳನ್ನು ಒಪ್ಪಿಕೊಳ್ಳಲು ಕಂಪನಿ ಮುಂದಾಯಿತು.

ಆದರೆ ಜನರ ಸಿಟ್ಟು ಕೆರಳಿಸಿದ್ದು ಇನ್ನೊಂದು ಮಾತು. ಆಗಿನ ಮುಖ್ಯಸ್ಥ ಟೋನಿ ಹೇವರ್ಡ್, ತಮ್ಮ ಬದುಕು ತಮಗೆ ಮರಳಿ ಸಿಕ್ಕರೆ ಸಾಕು ಎಂದು ಕ್ಯಾಮೆರಾ ಮುಂದೆ ಹೇಳಿಬಿಟ್ಟಿದ್ದರು. ಸತ್ತ 11 ಮಂದಿಯ ಮನೆಯವರು ಅದನ್ನು ಕೇಳಿಸಿಕೊಂಡರು. ಅವರು ಕ್ಷಮೆ ಕೇಳಿದರೂ ಹತ್ತು ವರ್ಷದ ಜಾಹೀರಾತು ನೀರಿಗೆ ಬಿತ್ತು.

ಆ ಮಾತಿಗೆ ಹೇವರ್ಡ್ ಹೊಣೆ. ಆದರೆ ನನ್ನನ್ನು ಕಾಡುವುದು ಆ 5,000. ಅದನ್ನು ದಿನಾ ಬರೆದವರು ನನ್ನಂಥವರೇ.

ಈಗ ಪ್ರೆಸ್ ನೋಟಿನಲ್ಲಿ ಅಂಕಿ ಕಂಡರೆ ‘ಅಳೆದವರು ಯಾರು?’ ಎಂದು ಫೋನ್ ಮಾಡುತ್ತೇನೆ. ಉತ್ತರ ಸಿಗದಿದ್ದರೆ ‘ಎಂದು ಕಂಪನಿ ಹೇಳಿಕೊಂಡಿದೆ’ ಎಂದೇ ಬರೆಯುತ್ತೇನೆ. ಒಂದು ಸುದ್ದಿಗೆ ಸಿಗುವ ದುಡ್ಡು ಬೈಕಿನ ಪೆಟ್ರೋಲಿಗೇ ಸಾಲುವುದಿಲ್ಲ, ನಿಜ. ಆದರೂ ಕೆರೆಗೆ ಹೋಗಿಬರುತ್ತೇನೆ.

ನಿಮ್ಮ ಕೈಯಲ್ಲೂ ಕ್ಯಾಮೆರಾ ಇದೆ. ನಿಮ್ಮೂರ ನೀರಿನ ಬಣ್ಣ ಬದಲಾದರೆ ದಿನಾಂಕ ಹೇಳಿ ಒಂದು ವಿಡಿಯೊ ಮಾಡಿಟ್ಟುಕೊಳ್ಳಿ. ಪ್ರೆಸ್ ನೋಟ್ ಬಂದಾಗ ಬೇಕಾಗುತ್ತದೆ.