ಸೋತವರಿಗೆ ತುಂಬಿದ ಅಂಗಳ

ಅಮೆರಿಕೆಯ ಬಂದರುಪಟ್ಟಣ ಬಾಲ್ಟಿಮೋರಿನ 33ನೆಯ ಬೀದಿಯಲ್ಲಿ ಇಂದು ಪ್ರವಾಸಿಗನಿಗೆ ಕಾಣುವುದು ವೃದ್ಧರ ವಸತಿಗಳು ಮತ್ತು ಮಕ್ಕಳಾಡುವ ಒಂದು ಹಸಿರು ಬಯಲು. ಇಲ್ಲಿಯೇ ಹಿಂದೆ ಓರಿಯೋಲ್ಸ್ ಬೇಸ್‌ಬಾಲ್ ತಂಡದ ತವರಾದ ಮೆಮೋರಿಯಲ್ ಸ್ಟೇಡಿಯಂ ಇದ್ದಿತು.

1983ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿದ್ದ ಆ ತಂಡಕ್ಕೆ 1988ರ ಏಪ್ರಿಲ್ ಶನಿಕಾಟವಾಗಿ ಬಂದಿತು. ಋತುವಿನ ಮೊದಲ ಪಂದ್ಯದಲ್ಲಿಯೇ 12–0ರ ಸೋಲು. ಆರು ಸೋಲುಗಳಾಗುತ್ತಲೇ ಮ್ಯಾನೇಜರ್ ಕ್ಯಾಲ್ ರಿಪ್ಕೆನ್ ಸೀನಿಯರ್ ಅವರನ್ನು ಕೆಲಸದಿಂದ ತೆಗೆದರು; ಅವರ ಇಬ್ಬರು ಮಕ್ಕಳೂ ಅದೇ ತಂಡದ ಆಟಗಾರರು! ಆದರೂ ಗ್ರಹಚಾರ ಬಿಡಲಿಲ್ಲ. ಸಾಲಾಗಿ 21 ಸೋಲು. ಗೆಲುವು ಬರುವವರೆಗೂ ಏಳಲಾರೆನೆಂದು ಹಟತೊಟ್ಟ ರೇಡಿಯೋ ನಿರೂಪಕನೊಬ್ಬ 250 ಗಂಟೆಗಳಿಗೂ ಮಿಕ್ಕಿ ಪ್ರಸಾರ ನಡೆಸಿದನು.

ಕೊನೆಗೆ ಏಪ್ರಿಲ್ 29ರಂದು ಚಿಕಾಗೋದಲ್ಲಿ ಒಂದು ಗೆಲುವು. ಬೆನ್ನಿಗೇ ಮತ್ತೆರಡು ಸೋಲು. ಈ ಮುಖವನ್ನು ಹೊತ್ತು ಮೇ 2ರಂದು ಊರಿಗೆ ಮರಳಿದವರನ್ನು ಕಾಣಲು ನೆರೆದವರು 50,402 ಮಂದಿ! ಅಣಕಿಸಲಲ್ಲ, ನಪಾಸಾದ ಮಗನನ್ನು ಹೊಸ್ತಿಲಲ್ಲಿ ಕಾದು ಒಳಗೆ ಕರೆದುಕೊಳ್ಳುವ ತಾಯಿಯಂತೆ ಬಂದಿದ್ದರು. ಅಂದು ತಂಡ 9–4ರಿಂದ ಗೆದ್ದಿತು.

ಅದೃಷ್ಟವೇನೂ ತಿರುಗಲಿಲ್ಲವೆನ್ನಿ. ಆ ವರ್ಷದ ಸೋಲುಗಳು ಒಟ್ಟು 107. ಸ್ಟೇಡಿಯಂ ಕೂಡ 2002ರ ವೇಳೆಗೆ ನೆಲಸಮವಾಯಿತು. ಮಕ್ಕಳ ಬಯಲು 2010ರಲ್ಲಿ ಸಿದ್ಧವಾಯಿತು. ಅದನ್ನು ನಿರ್ಮಿಸಿದ್ದು ಕ್ಯಾಲ್ ರಿಪ್ಕೆನ್ ಸೀನಿಯರ್ ಅವರ ಹೆಸರಿನ ಪ್ರತಿಷ್ಠಾನ.